ಪರದೆ ಕಪ್ಪಾಗದಂತೆ

ಆ ಬೆಳಿಗ್ಗೆ ಮುಳಬಾಗಿಲಿನಲ್ಲಿ ಗಂಟೆ ಎಂಟಾದರೂ ಮಂಜು ಕರಗಲಿಲ್ಲ. ಊರ ಹಿಂದಿನ ಬೆಟ್ಟದ ಬಂಡೆಗಳು ಇದ್ದಲ್ಲೇ ಮಾಯವಾಗಿದ್ದವು. ಬೀದಿಯ ತುದಿಯ ಬೇವಿನ ಮರವಂತೂ ಯಾರೋ ಸುಣ್ಣದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಅಂದು ಧನುರ್ಮಾಸದ ಏಕಾದಶಿ, ಎರಡು ಸಾವಿರದ ಐದನೇ ಇಸವಿ. ಚಿತ್ರಾಳ ಮನೆಯಲ್ಲಿ ಅವಳ ಅತ್ತೆ ತಿರುಮಲಮ್ಮ ಕೋಳಿ ಕೂಗುವ ಮೊದಲೇ ತಲೆಗೆ ನೀರು ಹಾಕಿಕೊಂಡು, ಮಡಿಸೀರೆಯುಟ್ಟು, ದೇವರ ಕೋಣೆಯಲ್ಲಿ ಅಖಂಡ ದೀಪ ಹಚ್ಚಿ ಕೂತಿದ್ದರು. ಮರುದಿನ ದ್ವಾದಶಿಯ ಪಾರಣೆಯವರೆಗೆ ಆ ದೀಪ ಉರಿಯುತ್ತಲೇ ಇರಬೇಕು. ಮಡಿಯಲ್ಲಿರುವವರ ಕೈಯಿಂದಲೇ ಅದಕ್ಕೆ ಎಣ್ಣೆ ಬೀಳಬೇಕು. ಮೂವತ್ತೆಂಟು ವರ್ಷಗಳಲ್ಲಿ ಅವರು ಒಂದು ಸಲವೂ ಅದನ್ನು ತಪ್ಪಿಸಿದವರಲ್ಲ.

ದೇವರ ಕೋಣೆಯ ಬಾಗಿಲಿಗೆ ನೇರವಾಗಿ ನಡುಮನೆಯ ಮೇಜು, ಮೇಜಿನ ಮೇಲೆ ಕಂಪ್ಯೂಟರು. ಅದರ ಮುಂದಿನ ಕುರ್ಚಿಯಲ್ಲಿ ಕತ್ತಿಗೆ ಟವೆಲ್ ಸುತ್ತಿಕೊಂಡ ಮುನಿರಾಮಪ್ಪ ಕೂತಿದ್ದರು. ಶ್ರೀನಿವಾಸಪುರದ ಕಡೆಯ ಹಳ್ಳಿಯವರು, ರಾಗಿ ಬೆಳೆಯುವವರು. ರಾತ್ರಿಯಿಡೀ ಕಥೆ ಹೇಳಿದರೂ ದಣಿಯದಿದ್ದ ಗಂಟಲು ಅವರದು. ಆರು ತಿಂಗಳ ಹಿಂದೆ ಅಲ್ಲಿ ಗಂಟು ಬೆಳೆದು ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಈಗ ಕತ್ತಿನಲ್ಲಿ ಒಂದು ತೂತು, ತೂತಿಗೊಂದು ಕೊಳವೆ. ಉಸಿರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಅವರ ಮಾತೆಲ್ಲ ಈಗ ಈ ಕಂಪ್ಯೂಟರಿನೊಳಗಿತ್ತು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಚಿತ್ರಾ ಎರಡು ವರ್ಷ ಅವರ ಜಗಲಿಗೆ ಹೋಗಿ ಇಪ್ಪತ್ತಾರು ಕಥೆ ರೆಕಾರ್ಡ್ ಮಾಡಿಕೊಂಡಿದ್ದಳು. ಇದ್ದದ್ದು ಎರಡೇ ಕ್ಯಾಸೆಟ್. ಒಂದು ಕಥೆ ಕಂಪ್ಯೂಟರಿಗೆ ಹೋದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಮುಂದಿನದು. ಹಾಲಿನ ಚೊಂಬು ತೊಳೆದು ಮತ್ತೆ ಹಾಲಿಗೇ ಇಡುವ ಮನೆಯ ಬುದ್ಧಿ ಅದು. "ನಂಗೂ ಒಂದು ಮಾಡ್ಕೊಡಮ್ಮ, ಮೊಮ್ಮಗಳು ಕೇಳ್ಲಿ" ಎಂದು ಮುನಿರಾಮಪ್ಪ ತಾತ ಕೇಳಿದಾಗಲೆಲ್ಲ ಅವಳು "ಮುಂದಿನ ವಾರ" ಎನ್ನುತ್ತಿದ್ದಳು. ಮುಂದಿನ ವಾರಗಳು ಕೂಡಿ ವರ್ಷವಾಯಿತು. ಅಷ್ಟರಲ್ಲಿ ಗಂಟಲು ಹೋಯಿತು, ಕಂಪ್ಯೂಟರೂ ಟಿಕ್ ಟಿಕ್ ಎನ್ನತೊಡಗಿತು.

ಕೋಲಾರದಿಂದ ಬಂದ ರಿಪೇರಿಯ ಅಮರನಾಥ್ ಪೆಟ್ಟಿಗೆಗೆ ಕಿವಿಯಿಟ್ಟು ಕೇಳಿದ. ಮಂಜಿನಲ್ಲಿ ಸ್ಕೂಟರ್ ಓಡಿಸಿ ಅವನ ಮೀಸೆ ಒದ್ದೆಯಾಗಿತ್ತು.

"ಹಾರ್ಡ್ ಡಿಸ್ಕ್ ಹೋಗೋ ಹಂತದಲ್ಲಿದೆ ಮೇಡಂ. ಈಗ ತಿರುಗ್ತಾ ಇದೆ, ತಿರುಗ್ತಾ ಇದ್ದಷ್ಟು ಹೊತ್ತು ಪುಣ್ಯ. ಒಂದ್ಸಲ ನಿಂತ್ರೆ ಮತ್ತೆ ಏಳುತ್ತೆ ಅಂತ ನಾನು ಹೇಳಲ್ಲ."

"ಹಾಗಾದ್ರೆ ಈಗಲೇ ಸಿ.ಡಿ. ಮಾಡಿಬಿಡಿ."

"ಅಲ್ಲೇ ಇರೋದು ತೊಡಕು. ನಾನು ತಂದಿರೋ ಸಿ.ಡಿ. ರೈಟರ್ ಹೊಸದು, ನಿಮ್ ಸಿಸ್ಟಮ್ ಹಳೇದು. ಅಪ್‌ಡೇಟ್ ಹಾಕದೆ ಇದನ್ನ ಸೇರಿಸ್ಕೊಳಲ್ಲ ಅಂತಿದೆ. ಒಂದೂವರೆ ಗಂಟೆ ಆಗ್ತದೆ."

ಅಪ್‌ಡೇಟ್ ಶುರುವಾಯಿತು. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ತೆವಳತೊಡಗಿತು. ಹತ್ತು ನಿಮಿಷವಾಗಿತ್ತೋ ಇಲ್ಲವೋ, ಪರದೆ ಫಕ್ಕನೆ ಕಪ್ಪಾಯಿತು. ಅಮರನಾಥ್ ಮೌಸ್ ಅಲುಗಿಸಿದ. ಬೆಳಕು ಬಂತು, ಹಸಿರು ಪಟ್ಟಿಯೂ ಇತ್ತು. ಆದರೆ ಅವನ ಮುಖದಲ್ಲಿ ಸಮಾಧಾನವಿರಲಿಲ್ಲ.

"ತಪ್ಪು ನಂದೇ. ಪರದೆ ಆರಿಹೋಗೋದನ್ನ ಮೊದಲೇ ಬಂದ್ ಮಾಡ್ಬೇಕಿತ್ತು, ಮರೆತೆ. ಈಗ ಆ ಸೆಟ್ಟಿಂಗ್ ತೆಗೆಯೋಕೆ ಹೋದ್ರೆ ಅಪ್‌ಡೇಟ್ ಮಧ್ಯದಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಹತ್ತು ನಿಮಿಷ ಯಾರೂ ಮುಟ್ಟದಿದ್ರೆ ಪರದೆ ಕಪ್ಪಾಗ್ತದೆ. ಇನ್ನೂ ಹತ್ತು ನಿಮಿಷ ಬಿಟ್ರೆ ಇಡೀ ಮಷೀನೇ ನಿದ್ದೆ ಮಾಡ್ತದೆ. ಆಗ ಡಿಸ್ಕೂ ನಿಲ್ಲುತ್ತೆ."

"ಆಮೇಲೆ?"

"ಆಮೇಲೇನು, ತಾತನ ಕಥೆ ತಾತನ ಹೊಟ್ಟೇಲೇ." ಅಂದವನು ಮುನಿರಾಮಪ್ಪನವರ ಮುಖ ನೋಡಿ ದನಿ ತಗ್ಗಿಸಿದ. "ಹೆದರ್ಬೇಡಿ ತಾತಾ. ನಮ್ಮಜ್ಜಿನೂ ಹಿಂಗೇ, ಮಾತಾಡಿಸ್ತಾ ಇದ್ರೆ ಎದ್ದಿರ್ತಾಳೆ, ಬಿಟ್ರೆ ಗೊರಕೆ. ಎರಡು ನಿಮಿಷಕ್ಕೊಂದ್ಸಲ ಈ ಮೌಸ್ ಅಲುಗಿಸ್ತಾ ಇದ್ರೆ ಸಾಕು."

"ಅಜ್ಜೀರ ಸುದ್ದಿ ನಿಂಗ್ಯಾಕಪ್ಪಾ" ಎಂದು ದೇವರ ಕೋಣೆಯಿಂದ ದನಿ ಬಂತು. "ನಾನೂ ಇಲ್ಲಿ ಅದೇ ಕೆಲಸ ಮಾಡ್ತಾ ಕೂತಿದೀನಿ. ದೀಪ ಕಾಯೋದೇನು, ನಿನ್ನ ಪೆಟ್ಟಿಗೆ ಕಾಯೋದೇನು."

ಒಂದು ಗಂಟೆ ಹಾಗೇ ನಡೆಯಿತು. ಚಿತ್ರಾ ಮೌಸ್ ಬಿಡಲಿಲ್ಲ. ಮುನಿರಾಮಪ್ಪ ಹಸಿರು ಪಟ್ಟಿ ಬಿಟ್ಟು ಕಣ್ಣು ಕದಲಿಸಲಿಲ್ಲ. ಪಟ್ಟಿ ಮುಕ್ಕಾಲು ದಾಟಿತು. ತಿರುಮಲಮ್ಮ ಕಣ್ಣು ಮುಚ್ಚಿ ಜಪಕ್ಕೆ ಕೂತರು.

ಆಗ ತಾತನಿಗೆ ಕೆಮ್ಮು ಬಂತು. ಬೆಳಗಿನ ಮಂಜಿನಲ್ಲಿ ಬಸ್ಸಿಗೆ ಕಾದದ್ದಕ್ಕೋ ಏನೋ, ಕಫ ಬಿಗಿದು ಕೊಳವೆ ಕಟ್ಟಿಕೊಂಡಿತ್ತು. ಕೆಮ್ಮಿಗೆ ಶಬ್ದವಿರಲಿಲ್ಲ. ಮೈ ಮಾತ್ರ ಕುಲುಕುತ್ತಿತ್ತು. ಚಿತ್ರಾ ಬಟ್ಟೆಯಿಂದ ಒರೆಸಿದಳು, ಬೆನ್ನು ತಟ್ಟಿದಳು. ತುಟಿ ನೀಲಿಗೆ ತಿರುಗುತ್ತಿತ್ತು.

"ಆಸ್ಪತ್ರೆಗೆ" ಎಂದು ಅಮರನಾಥ್ ಅವರನ್ನು ಎತ್ತಿಕೊಂಡೇ ಹೊರಗೋಡಿದ. ಸ್ಕೂಟರಿನಲ್ಲಿ ಅವನ ಬೆನ್ನಿಗೆ ತಾತ, ತಾತನನ್ನು ಹಿಂದಿನಿಂದ ಅಪ್ಪಿಕೊಂಡು ಚಿತ್ರಾ. ಬೀದಿಯ ತಿರುವಿನಲ್ಲಿ ಅವಳಿಗೆ ಮೌಸ್ ನೆನಪಾಯಿತು. ಕತ್ತು ತಿರುಗಿಸಿದಳು. ಮಂಜಿನಲ್ಲಿ ಮನೆ ಕಾಣಲಿಲ್ಲ. ಅವಳು ಇಳಿಯಲಿಲ್ಲ.

ತಿರುಮಲಮ್ಮ ಕಣ್ಣು ತೆರೆದಾಗ ಮನೆ ನಿಶ್ಶಬ್ದವಾಗಿತ್ತು. ಬಾಗಿಲಾಚೆ ಪರದೆ ಕಪ್ಪಗಿತ್ತು. ಕಪ್ಪಾಗಿ ಎಷ್ಟು ಹೊತ್ತಾಯಿತೋ ತಿಳಿಯದು. ಇತ್ತ ದೀಪದಲ್ಲಿ ಎಣ್ಣೆ ತಳ ಮುಟ್ಟಿತ್ತು. ಪಕ್ಕದ ಎಣ್ಣೆ ಗಿಂಡಿಯೂ ಬರಿದಾಗಿತ್ತು. ತುಂಬಿಸಿಕೊಳ್ಳಲು ಹಿತ್ತಲ ಕಡೆಯ ಅಡುಗೆಮನೆಗೆ ಹೋಗಿ, ಅರಿವೆ ಬಿಗಿದ ಜಾಡಿ ಬಿಚ್ಚಬೇಕು.

ಮೊದಲು ಎಣ್ಣೆ ಎಂದು ಎದ್ದರು. ಎರಡು ಹೆಜ್ಜೆ ಇಟ್ಟು ನಿಂತರು. ಪರದೆ ಕಪ್ಪಾದ ಮೇಲೆ ಆ ಪೆಟ್ಟಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯದು ಎಂದು ಹುಡುಗ ಹೇಳಿದ್ದು ಕಿವಿಯಲ್ಲಿತ್ತು. ಊರೂರಿನ ಕೈ ಮುಟ್ಟಿದ ಮೌಸ್ ಅದು. ಮುಟ್ಟಿದರೆ ಮಡಿ ಹೋಯಿತು. ಮಡಿ ಹೋದರೆ ದೀಪ ಮುಟ್ಟುವಂತಿಲ್ಲ. ಮತ್ತೆ ಸ್ನಾನ ಮಾಡೋಣವೆಂದರೆ ಎಪ್ಪತ್ತರ ಮೈ, ಒದ್ದೆ ಸೀರೆಯುಟ್ಟು ಬರಲು ಅರ್ಧ ಗಂಟೆ ಬೇಕು. ಕೋಲಿನಿಂದ ತಳ್ಳಿದರೆ? ಹಾಗೆ ಯೋಚಿಸಿದ್ದಕ್ಕೆ ಅವರಿಗೇ ನಾಚಿಕೆಯಾಯಿತು. ದೇವರ ಎದುರು ಉಪಾಯ ನಡೆಯುವುದಿಲ್ಲ.

ದೇವರ ಕಡೆ ತಿರುಗಿ ಕೈ ಮುಗಿದರು. ಅಪ್ಪಣೆ ಕೇಳಿದರೋ, ಕ್ಷಮೆ ಕೇಳಿದರೋ, ಅದು ಅವರಿಬ್ಬರ ನಡುವಿನ ಮಾತು. ನಡುಮನೆಗೆ ಬಂದು ಮೌಸ್ ಮೇಲೆ ಕೈಯಿಟ್ಟರು.

ಏನೂ ಆಗಲಿಲ್ಲ. ಪರದೆ ಕಪ್ಪಾಗಿಯೇ ಇತ್ತು. ಇನ್ನೊಮ್ಮೆ ಅಲುಗಿಸಿದರು. ಎಳೆಯ ಮಗುವಿನ ಕೆನ್ನೆ ತಟ್ಟಿ ಎಬ್ಬಿಸುವಂತೆ, ಮತ್ತೊಮ್ಮೆ. ಬೆಳಕು ಬಂತು. ಹಸಿರು ಪಟ್ಟಿ ಇನ್ನೊಂದು ಬೆರಳಗಲ ಉಳಿದಿತ್ತು.

ಕುರ್ಚಿಯಲ್ಲಿ ಕೂತು ಒಂದು ನಾಮಕ್ಕೆ ಒಂದು ಸಲದಂತೆ ಮೌಸ್ ಅಲುಗಿಸುತ್ತ ಹೋದರು. ಕೇಶವ ಎಂದಾಗ ಒಮ್ಮೆ, ನಾರಾಯಣ ಎಂದಾಗ ಒಮ್ಮೆ. ಬೆನ್ನ ಹಿಂದೆ ಬತ್ತಿ ಚಟಚಟ ಎಂದಿತು. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ಬತ್ತಿಯ ವಾಸನೆ ಬಂತು. ಆಗಲೂ ಅವರ ಕೈ ನಿಲ್ಲಲಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಮೂವರೂ ಮರಳಿದರು, ತಾತನೂ ಚಿತ್ರಾಳೂ ಆಟೋದಲ್ಲಿ, ಅಮರನಾಥ್ ಸ್ಕೂಟರಿನಲ್ಲಿ. ಕೊಳವೆ ಬದಲಿಸಿದ್ದರು. ತಾತನ ಉಸಿರು ಸಲೀಸಾಗಿತ್ತು. ಹೊಸ್ತಿಲಲ್ಲಿ ಚಿತ್ರಾ ನಿಂತುಬಿಟ್ಟಳು. ಕುರ್ಚಿಯಲ್ಲಿ ಅತ್ತೆ, ಮೌಸ್ ಮೇಲೆ ಅವರ ಕೈ, ಆಚೆ ದೇವರ ಕೋಣೆಯಲ್ಲಿ ಕತ್ತಲೆ.

"ಅತ್ತೆ, ದೀಪ..."

"ಶಾಂತವಾಯ್ತು ಕಣೇ. ಇದೇನೋ ಕೇಳ್ತಾ ಇದೆ ನೋಡು, ನಂಗೆ ಇಂಗ್ಲಿಷ್ ಬರಲ್ಲ. ಏನೂ ಒತ್ತಿಲ್ಲ ನಾನು."

ಅಪ್‌ಡೇಟ್ ಮುಗಿದು ಕಂಪ್ಯೂಟರು ರೀಸ್ಟಾರ್ಟ್ ಕೇಳುತ್ತಿತ್ತು. ಅಮರನಾಥ್ ಒತ್ತಿದ. ಪರದೆ ಮತ್ತೆ ಕಪ್ಪಾಯಿತು. ಪೆಟ್ಟಿಗೆಯೊಳಗೆ ಟಿಕ್ ಟಿಕ್ ಎಂದು, ಒಂದು ಗಳಿಗೆ ಆ ಸದ್ದೂ ನಿಂತಿತು. ಮುನಿರಾಮಪ್ಪನವರ ಕೊಳವೆ ಮಾತ್ರ ಮೆಲ್ಲಗೆ ಸುಯ್ಗುಟ್ಟುತ್ತಿತ್ತು. ಮತ್ತೆ ಟಿಕ್ ಎಂದಿತು. ಬೆಳಕು ಹರಿಯಿತು.

ಇಪ್ಪತ್ತಾರು ಕಥೆಗಳೂ ಒಂದೇ ಸಿ.ಡಿ.ಯಲ್ಲಿ ಹಿಡಿದವು. ಸರಿಯಾಗಿದೆಯೋ ನೋಡಲು ಅಮರನಾಥ್ ಒಂದನ್ನು ಹಾಕಿದ. "ಒಂದಾನೊಂದು ಕಾಲದಾಗೆ, ವಿನು ನಾಯನಾ, ಕೇಳಪ್ಪಾ, ಒಬ್ಬ ಕುರಿ ಕಾಯೋನು ಇದ್ದ" ಎಂದು ನಡುಮನೆಯಲ್ಲಿ ಆ ಗಂಟಲು ಎದ್ದಿತು. ತಾತ ಕತ್ತಿನ ತೂತಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ತಿರುಮಲಮ್ಮ ಸ್ನಾನಕ್ಕೆ ಎದ್ದವರು ಬಾಗಿಲಲ್ಲೇ ನಿಂತರು.

ಕಥೆ ಮುಗಿಯಿತು. ಚಿತ್ರಾ ಸಿ.ಡಿ.ಯನ್ನು ಹೊರತೆಗೆದಳು. ಅದಿನ್ನೂ ಬೆಚ್ಚಗಿತ್ತು. ಕವರಿಗೆ ಹಾಕಿ ಎರಡೂ ಕೈಯಲ್ಲಿ ಹಿಡಿದು ತಾತನ ಮುಂದೆ ಬಂದಳು. ಅವರ ಅಂಗೈ ಬಿಡಿಸಿ ಅದರಲ್ಲಿಟ್ಟಳು.