ಯಮುನಮ್ಮನ ದೋಸೆ ಸಣ್ಣಗಾದದ್ದು

ಅರವತ್ತಾರನೇ ಇಸವೀಲಿ ಹೊಸನಗರದ ಗಣಿತದ ಮೇಷ್ಟ್ರು ಚಂದ್ರಯ್ಯನವರಿಗೆ ಒಂದು ಅನುಮಾನ ಹತ್ತಿಕೊಳ್ತು. ಯಮುನಮ್ಮನ ಹೋಟ್ಲಲ್ಲಿ ದೋಸೆ ಸಣ್ಣಗಾಗ್ತಿದೆ ಅಂತ. ಊರೆಲ್ಲ ಹೇಳ್ಕೊಂಡು ಬಂದ್ರು. ಗಿರಾಕಿಗಳು ಎದುರಿನ ಹೋಟ್ಲಿಗೆ ಹೋಗಕ್ಕೆ ಶುರು ಮಾಡಿದ್ರು.

"ನಿನ್ನೆಯಷ್ಟೇ ಇದೆ, ನೋಡಿ ಮೇಷ್ಟ್ರೇ," ಅಂದ್ರು ಯಮುನಮ್ಮ.

"ನಿನ್ನೇದು ತಿಂದಾಯ್ತಲ್ಲ, ಹೆಂಗ್ ನೋಡ್ಲಿ?"

ಅವತ್ತಿಂದ ಮೇಷ್ಟ್ರು ದಿನಾ ಒಂದು ದೋಸೆ ಕೊಡೆಯೊಳಗೆ ಅಡಗಿಸಿ ಒಯ್ದು, ಮರುದಿನದ್ದರ ಮೇಲಿಟ್ಟು ನೋಡಿದ್ರು. ಕೂದಲಷ್ಟೂ ವ್ಯತ್ಯಾಸ ಇಲ್ಲ. ಅನುಮಾನ ಇನ್ನೂ ಜಾಸ್ತಿ ಆಯ್ತು.

"ದಿನದಿಂದ ದಿನಕ್ಕೆ ಹೆಚ್ಚುಕಮ್ಮಿ ಆಗೋದು ಒಂದು ಲೆಕ್ಕ ಕಣಯ್ಯ," ಅಂದ್ರು ಒಂದಿನ ಹೋಟ್ಲ ಬೆಂಚಲ್ಲಿ ಕೂತು, ಎದುರಿಗೆ ದೋಸೆ ತಿಂತಿದ್ದ ನನಗೆ. "ಅದರ ಬುಡದಲ್ಲಿ ಕಾಣದಷ್ಟು ನಿಧಾನ ಜರುಗೋದು ಇನ್ನೊಂದು. ನಿಧಾನದ್ದು ಗಡಿ ದಾಟಿದ್ರೆ ಎಲ್ಲಾ ಒಮ್ಮೆಗೇ ಮಗುಚ್ತದೆ. ಹೋದ್ವರ್ಷ ಒಂದು ದೋಸೆ ನನ್ನ ಹೊಟ್ಟೆ ಪೂರ್ತಿ ಮುಚ್ತಿತ್ತು. ಈಗ ನೋಡು, ಹೊಕ್ಕುಳ ಸುತ್ತ ಮಾತ್ರ!"

ಅಂಗಿ ಎತ್ತಿ, ದೋಸೆ ಹೊಟ್ಟೆಗೆ ಅಂಟಿಸಿ, ಹಿಂದಕ್ಕೆ ಒರಗಿದ್ರು. ಬೆಂಚು ಎರಡು ತುಂಡಾಯ್ತು.

ಯಮುನಮ್ಮ ಒಳಗಿಂದ ಇಣುಕಿದ್ರು. "ದೋಸೆ ನಿನ್ನೆಯಂಗೇ ಇದೆ, ಮೇಷ್ಟ್ರೇ. ಬೆಂಚು ಮಾತ್ರ ನಿನ್ನೆಯಂಗಿಲ್ಲ."

ಮುರಿದ ಬೆಂಚು ನೋಡಕ್ಕೆ ಮರುದಿನ ಊರೇ ಬಂತು. ಬಂದೋರು ದೋಸೆ ತಿನ್ನದೆ ಹೋಗ್ತಾರಾ? ಮೇಷ್ಟ್ರೂ ಬಂದ್ರು. ನಿಂತ್ಕೊಂಡೇ ತಿಂದ್ರು, ತಮ್ಮ ಹೊಟ್ಟೇನ ಓರೆಗಣ್ಣಲ್ಲಿ ನೋಡ್ತಾ.