ಅಪ್ಪ ಬಿಗಿದ ಬೋಲ್ಟು

ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಕತ್ತರಿ ಯಂತ್ರ ಆ ವಾರದಲ್ಲಿ ಒಂಬತ್ತನೇ ಸಲ ನಿಂತಿತು. ಮೋಟಾರು ನಡೆಸುವ ಡ್ರೈವ್‌ನ ಪುಟ್ಟ ಪರದೆಯ ಮೇಲೆ ಅದೇ ಹಳೇ ರಾಗ: ವೋಲ್ಟೇಜ್ ಕಡಿಮೆ.

"ಹೊರಗಿನ ಲೈನೇ ಸರಿ ಇಲ್ಲಮ್ಮ. ನಾವೇನು ಮಾಡೋಕಾಗುತ್ತೆ?" ಎಂದರು ಹಿರಿಯ ಎಲೆಕ್ಟ್ರಿಷಿಯನ್. ಇಡೀ ಕಾರ್ಖಾನೆಗೆ ಅವರು ಮೇಸ್ತ್ರಿ, ಪಕ್ಕದಲ್ಲಿ ಮೀಟರು ಹಿಡಿದು ನಿಂತ ಕಿರಿಯ ಎಲೆಕ್ಟ್ರಿಷಿಯನ್ ಹುಡುಗಿಗೆ ಅಪ್ಪ. ಮೂರು ವರ್ಷದಿಂದ ಅವರ ಕೈಕೆಳಗೇ ಅವಳ ಕೆಲಸ.

ಅವಳಿಗೆ ಯಾಕೋ ಒಪ್ಪಿಗೆಯಾಗಲಿಲ್ಲ. ಲೈನ್ ಕೆಟ್ಟಿದ್ದರೆ ಪಕ್ಕದ ಯಂತ್ರಗಳೂ ಮುನಿಸಿಕೊಳ್ಳಬೇಕಿತ್ತಲ್ಲ? ಕತ್ತರಿ ಯಂತ್ರ ಖಾಲಿ ಓಡುವಾಗ ಮೀಟರಿನಲ್ಲಿ ಎಲ್ಲ ನೆಟ್ಟಗಿತ್ತು. ದಪ್ಪ ರಟ್ಟು ಹಾಕಿಸಿ ಮತ್ತೆ ಅಳೆದಳು. ಮುಖ್ಯ ಪ್ಯಾನೆಲ್‌ನಲ್ಲಿ ನಾನೂರ ಹತ್ತು. ಡ್ರೈವ್‌ನ ಬಾಯಲ್ಲಿ ಮುನ್ನೂರ ಎಪ್ಪತ್ತು, ಒಮ್ಮೊಮ್ಮೆ ಅದಕ್ಕೂ ಕೆಳಗೆ. ನಲವತ್ತು ವೋಲ್ಟು ನಡುದಾರಿಯಲ್ಲೇ ಸೋರಿಹೋಗುತ್ತಿತ್ತು. ನಡುವೆ ಇದ್ದದ್ದು ಒಂದೇ ಸ್ವಿಚ್ ಪೆಟ್ಟಿಗೆ. ಹೋದ ತಿಂಗಳು ಅದನ್ನು ಹೊಸದಾಗಿ ಕೂರಿಸಿದ್ದು ಅಪ್ಪ.

ಕರೆಂಟ್ ತೆಗೆದು, ಯಾರೂ ಮತ್ತೆ ಹಾಕದಂತೆ ಮೇನ್ ಸ್ವಿಚ್ಚಿಗೆ ಬೀಗ ಜಡಿದು, ಮೀಟರಿಟ್ಟು ಖಾತ್ರಿ ಮಾಡಿಕೊಂಡು ಮುಚ್ಚಳ ಬಿಚ್ಚಿದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಒಂದು ತಂತಿಯ ತುದಿ ಕರಿಗಟ್ಟಿತ್ತು. ಅದರ ಬೋಲ್ಟು ಬರಿಗೈಗೇ ತಿರುಗಿತು.

ಅಪ್ಪ ಬೆನ್ನ ಹಿಂದೆಯೇ ನಿಂತಿದ್ದರು. "ಬಿಗಿದಿದ್ದೆ," ಎಂದರು. ಆಮೇಲೆ ತಮ್ಮ ಬಲಗೈಯನ್ನು ನೋಡಿಕೊಂಡರು. "ಬಿಗಿದಿದೀನಿ ಅಂದ್ಕೊಂಡಿದ್ದೆ. ಆರು ತಿಂಗಳಿಂದ ಈ ಕೈಲಿ ಕಸುವಿಲ್ಲ. ಬೆರಳು ಜುಮ್ಮನ್ನುತ್ತೆ."

"ಅಮ್ಮಂಗೆ ಗೊತ್ತಾ?"

"ನಿಮ್ಮಮ್ಮಂಗೆ ಹೇಳೋದೂ ಒಂದೇ, ಡಂಗುರ ಸಾರಿಸೋದೂ ಒಂದೇ." ನಗಲು ನೋಡಿದರು, ಆಗಲಿಲ್ಲ. "ರಿಪೋರ್ಟಲ್ಲಿ ಲೈನ್ ತೊಂದರೆ ಅಂತ್ಲೇ ಬರಿ. ಈಗ ಸರಿ ಮಾಡಿದ್ರೆ ಆಯ್ತಲ್ಲ."

"ಈ ಆರು ತಿಂಗಳಲ್ಲಿ ಬೇರೆ ಎಲ್ಲೆಲ್ಲಿ ಬಿಗಿದಿದೀರಪ್ಪ?"

"ನೀರಿನ ಪಂಪು. ಗಾಳಿ ಫ್ಯಾನು. ಆಮೇಲೆ ಲಿಫ್ಟು..." ಅಲ್ಲಿಗೆ ಅವರ ಮಾತು ನಿಂತಿತು. ಸರಕಿನ ಜೊತೆ ಜನರೂ ಅದರಲ್ಲೇ ಹತ್ತಿಳಿಯುತ್ತಿದ್ದರು.

ಕರಿಗಟ್ಟಿದ ತುದಿ ಕತ್ತರಿಸಿ, ಹೊಸದು ಹಾಕಿ, ಮೈಭಾರವನ್ನೆಲ್ಲ ಸ್ಪಾನರಿನ ಮೇಲೆ ಬಿಟ್ಟು ಬಿಗಿದಳು. ಯಂತ್ರ ಮತ್ತೆ ನಿಲ್ಲಲಿಲ್ಲ. ರಿಪೋರ್ಟಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದಳು: ಬೋಲ್ಟು ಸಡಿಲ, ಮೇಸ್ತ್ರಿಯ ಕೆಲಸ, ಅವರು ಆರು ತಿಂಗಳಲ್ಲಿ ಮುಟ್ಟಿದ್ದನ್ನೆಲ್ಲ ನೋಡಬೇಕು. ಕೆಳಗೆ ಸಹಿ ಹಾಕಿ ಮ್ಯಾನೇಜರ ಮೇಜಿನ ಮೇಲಿಟ್ಟಳು.

ಸೋಮವಾರದಿಂದ ಅಪ್ಪನನ್ನು ಸಾಮಾನಿನ ಕೋಣೆಗೆ ಹಾಕಿದರು; ಅವರು ಬಿಗಿದಿದ್ದನ್ನೆಲ್ಲ ಬಿಚ್ಚಿ ನೋಡುವ ಕೆಲಸ ಅವಳ ಪಾಲಿಗೆ ಬಂತು. ಅಮ್ಮ ಎದ್ದುಬಿದ್ದು ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಕತ್ತಿನಲ್ಲಿ ನರ ಒತ್ತಿಕೊಂಡಿದೆಯಂತೆ, ಕೈಯ ಕಸುವು ಹೋಗಿದ್ದು ಅದಕ್ಕೇ ಅಂತೆ. ಮಗಳೊಡನೆ ಮಾತ್ರ ಅಪ್ಪ ತುಟಿ ಬಿಚ್ಚಲಿಲ್ಲ.

ಐದನೇ ದಿನ ಊಟಕ್ಕೆ ಕೂತಾಗ, ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು: "ಲಿಫ್ಟಿಂದು ಎಷ್ಟು ಸಡಿಲ ಇತ್ತು?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. "ಎರಡು ಸುತ್ತು," ಎಂದಳು.

ಅಪ್ಪ ಅರ್ಧ ಊಟಕ್ಕೇ ಕೈ ತೊಳೆದು ಎದ್ದುಹೋದರು.