ಇಪ್ಪತ್ತಮೂರು ಕಾಮೆಂಟು

ಮನೆಯಲ್ಲೇ ಕೂತು ಕೆಲಸ ಮಾಡುವವರ ಬಾಯಿಗೆ ತುಕ್ಕು ಹಿಡಿಯುತ್ತದೆ. ನನಗಂತೂ ಹಿಡಿದಿತ್ತು. ನಾನು ಸಾಫ್ಟ್‌ವೇರ್ ಬರೆಯುವವಳು. ತಂಡದ ಉಳಿದವರು ಬರೆದ ಕೋಡನ್ನು ಓದಿ, ತಪ್ಪಿದ್ದ ಕಡೆ ಕಾಮೆಂಟು ಬರೆದು ವಾಪಸ್ ಕಳಿಸುವುದೂ ನನ್ನ ಕೆಲಸವೇ. ಆಫೀಸಿಗೆ ಹೋಗುತ್ತಿದ್ದಾಗ ಅವರ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಬೈದು, ನಗಿಸಿ, ತಿದ್ದಿಸಿ ಬರುತ್ತಿದ್ದೆ. ಮನೆಯಿಂದ ಕೆಲಸ ಶುರುವಾದ ಮೇಲೆ ಬೈಗುಳ ಮಾತ್ರ ಉಳಿಯಿತು.

ತಂಡಕ್ಕೆ ಹೊಸದಾಗಿ ಒಬ್ಬರು ಸೇರಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಹತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು, ಆಮೇಲೆ ಮೂರು ವರ್ಷ ಈ ಕೆಲಸ ಕಲಿತು ಬಂದವರು. ಎಲ್ಲರೂ ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು. ಒಂದು ಮಧ್ಯಾಹ್ನ, ಬೆಳಗ್ಗೆಯಿಂದ ಕುರ್ಚಿ ಬಿಟ್ಟೇಳದೆ, ಊಟ ಮಾಡದೆ, ನೋಯುವ ಬೆನ್ನು ಒತ್ತಿಕೊಳ್ಳುತ್ತಾ ಅವರ ಕೋಡಿಗೆ ಇಪ್ಪತ್ತಮೂರು ಕಾಮೆಂಟು ಬರೆದೆ. “ಬೇಡ.” “ತಪ್ಪು.” “ಇಷ್ಟೂ ಗೊತ್ತಿಲ್ವಾ?” ಆ ಕೋಡಿನಲ್ಲಿ ಒಂದು ಭಾಗವನ್ನು ಅವರು ನನಗಿಂತ ಚೆನ್ನಾಗಿ ಬರೆದಿದ್ದರು. ಅದನ್ನು ಮಾತ್ರ ನಾನು ಹೇಳಲಿಲ್ಲ.

ನಮ್ಮ ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದವರು, ನನ್ನ ಊಟದ ತಟ್ಟೆ ಮುಚ್ಚಿಟ್ಟ ಹಾಗೇ ಇರುವುದನ್ನು ನೋಡಿ, ಬೆನ್ನ ಹಿಂದೆ ನಿಂತು ಪರದೆ ಓದಿದರು.

“ಇವರಿಗೊಂದು ಫೋನ್ ಮಾಡಿ ಹೇಳಬಾರ್ದೇನೇ?” ಅಂದರು.

“ಫೋನ್ ಯಾಕೆ ಅತ್ತಿಗೆ? ಎಲ್ಲ ಬರೆದಿದೀನಲ್ಲ.”

“ನಾವೂ ಎಲ್ಲ ಬರೀತೀವಿ ಕಣೇ. ಆದ್ರೂ ಡ್ಯೂಟಿ ಬದಲಾಗೋವಾಗ ಹಾಸಿಗೆ ಪಕ್ಕ ನಿಂತು ಬಾಯಲ್ಲೂ ಹೇಳ್ತೀವಿ. ಮುಖ ನೋಡಿದ್ರೆ ತಾನೇ ಅರ್ಥ ಆಯ್ತೋ, ಗಾಬರಿ ಆಯ್ತೋ ಗೊತ್ತಾಗೋದು? ಮೊದ್ಲು ಎದ್ದು ಊಟ ಮಾಡು. ಹಸಿದಾಗ ನೀನೂ ನಿಮ್ಮಣ್ಣನ ಹಾಗೇ ಆಡ್ತೀಯ.”

ಆಸ್ಪತ್ರೆಯೇ ಬೇರೆ, ನಮ್ಮ ಕೆಲಸವೇ ಬೇರೆ ಅಂತ ಮೂಗು ಮುರಿದೆ. ಇಪ್ಪತ್ತಮೂರನ್ನೂ ಹಾಗೇ ಕಳಿಸಿಬಿಟ್ಟೆ.

ಮೇಷ್ಟ್ರು ತುಟಿಪಿಟಕ್ಕೆನ್ನದೆ ಎಲ್ಲವನ್ನೂ ತಿದ್ದಿದರು. ಆಮೇಲೆ ಮೀಟಿಂಗಿನಲ್ಲಿ ಅವರ ಕ್ಯಾಮೆರಾ ಆರಿತು. ದಿನಕ್ಕೆ ನಾಲ್ಕು ಪ್ರಶ್ನೆ ಕೇಳುತ್ತಿದ್ದವರು ಒಂದನ್ನೂ ಕೇಳದಾದರು. ಏನಾದರೂ ತೊಂದರೆ ಇದೆಯಾ ಅಂದರೆ ಇಲ್ಲ ಅನ್ನುತ್ತಿದ್ದರು. ಸದ್ಯ, ಕೆಲಸ ಕಲಿತರು ಅಂತ ನಾನು ಆರಾಮಾಗಿದ್ದೆ. ಎರಡು ತಿಂಗಳಿಗೆ ಅವರ ರಾಜೀನಾಮೆ ಬಂತು.

ಅವತ್ತು ಮೊದಲ ಸಲ ಅವರಿಗೆ ಫೋನ್ ಮಾಡಿದೆ. ಕ್ಷಮಿಸಿ ಅಂದೆ. ಆ ಒಂದು ಭಾಗ ನನಗಿಂತ ಚೆನ್ನಾಗಿ ಬರೆದಿದ್ದಿರಿ ಅಂತಲೂ ಹೇಳಿದೆ.

“ಹೌದಾ ಮೇಡಂ? ಇದನ್ನ ಅವತ್ತೇ ಹೇಳಿದ್ರೆ ಇರ್ತಿದ್ದೆ. ಈ ವಯಸ್ಸಲ್ಲಿ ನನಗಿದು ತಲೆಗೆ ಹತ್ತಲ್ಲ ಅಂತ ಮನೇಲಿ ಹೇಳಿಬಿಟ್ಟೆ.”

ಅವರನ್ನು ಉಳಿಸಿಕೊಳ್ಳಲು ಎಷ್ಟೋ ಹೇಳಿದೆ. ಹಳೇ ಶಾಲೆಗೆ ಮಾತು ಕೊಟ್ಟಾಗಿದೆ ಅಂದರು. ಫೋನಿಟ್ಟ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಮೂರು ವರ್ಷ ಕಷ್ಟಪಟ್ಟು ಕಲಿತದ್ದನ್ನು ಅವರು ನನ್ನಿಂದಾಗಿ ಬಿಟ್ಟರು.

ಈಗ ಊಟದ ಹೊತ್ತಿಗೆ ಏಳುತ್ತೇನೆ. ಸಿಟ್ಟು ಬಂದಾಗ ಬರೆದದ್ದನ್ನು ಕಳಿಸುವ ಮೊದಲು ಬೀದಿಯಲ್ಲಿ ಒಂದು ಸುತ್ತು ನಡೆದು ಬರುತ್ತೇನೆ. ಚೆನ್ನಾಗಿದ್ದದ್ದನ್ನು ಮೊದಲು ಹೇಳುತ್ತೇನೆ, ತಪ್ಪು ಜಾಸ್ತಿ ಇದ್ದರೆ ಫೋನ್ ಮಾಡುತ್ತೇನೆ. ಅತ್ತಿಗೆ ಇದನ್ನೆಲ್ಲ ನೋಡುತ್ತಾರೆ, ಏನೂ ಅನ್ನುವುದಿಲ್ಲ. ‘ಅವತ್ತೇ ಹೇಳಿರಲಿಲ್ವಾ’ ಅಂದುಬಿಟ್ಟಿದ್ದರೆ ವಾಸಿಯಿತ್ತು.

ಮನೆಯಿಂದ ಕೆಲಸ ಮಾಡುವವರೇ, ನಿಮ್ಮ ತಂಡದಲ್ಲೂ ಇತ್ತೀಚೆಗೆ ಸುಮ್ಮನಾದವರು ಒಬ್ಬರಿರಬಹುದು. ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಇವತ್ತೇ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿ. ಅವರು ಚೆನ್ನಾಗಿ ಮಾಡಿದ್ದು ಒಂದಿದ್ದರೂ ಅದನ್ನು ಬಾಯಿಬಿಟ್ಟು ಹೇಳಿ. ನಾನೂ ಹೇಳಿದೆ, ಆದರೆ ಎರಡು ತಿಂಗಳು ತಡವಾಗಿ ಹೇಳಿದೆ.